ಕದ್ದ ಫೋನಿನ ಬಾಯಿ ಕಟ್ಟೋಣ



ಸಂಜೆ ಹೊತ್ತು ಅಲ್ಲಾಳಸಂದ್ರ ಗೇಟಿನ ಬಸ್‌ಸ್ಟಾಪಿನಲ್ಲಿ ನಿಂತು ನೋಡಿ. ಮನೆಗೆಲಸ ಮುಗಿಸಿ ಬರುವವರು ಇರುತ್ತಾರೆ. ಗಾರ್ಮೆಂಟ್ಸಿನಿಂದ ಬರುವವರು ಇರುತ್ತಾರೆ. ಹೂವಿನ ಬುಟ್ಟಿ ಹೊತ್ತವರು ಇರುತ್ತಾರೆ. ಎಲ್ಲರ ಹತ್ತಿರವೂ ಒಂದೊಂದು ಮೊಬೈಲ್ ಫೋನ್ ಇದೆ. ಒಬ್ಬರು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಇನ್ನೊಬ್ಬರು ಎಲೆಅಡಿಕೆ ಚೀಲದೊಳಗೆ ಇಟ್ಟಿದ್ದಾರೆ. ಮತ್ತೊಬ್ಬರು ಕೈಯಲ್ಲೇ ಹಿಡಿದಿದ್ದಾರೆ.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಆಗ ಅದು ದೊಡ್ಡವರ ಸಾಮಾನು. ಈಗ ಅದಿಲ್ಲದೆ ನಮ್ಮ ದಿನ ಸಾಗೋದಿಲ್ಲ. ಗೃಹಲಕ್ಷ್ಮಿ ಹಣ ಬಂತಾ ಅಂತ ನೋಡೋದು ಅದರಲ್ಲೇ. ಗ್ಯಾಸ್ ಬುಕ್ ಮಾಡೋದು ಅದರಲ್ಲೇ. ಸಂಘದ ಸಭೆ ಯಾವಾಗ, ಮಗಳ ಶಾಲೆಯಲ್ಲಿ ಏನು ಹೇಳಿದರು, ಎಲ್ಲವೂ ಅದರಲ್ಲೇ. ತೀರಿಹೋದ ಅಮ್ಮನ ಫೋಟೊ ಕೂಡ ಎಷ್ಟೋ ಜನರ ಹತ್ತಿರ ಅದೊಂದರಲ್ಲೇ ಇದೆ.

ಇಂಥ ಫೋನನ್ನು ಯಾರಾದರೂ ಕದ್ದರೆ? ಮನೆಯಲ್ಲಿ ಬೈತಾರೆ. ಪಕ್ಕದವರು "ಹೋದದ್ದು ಹೋಯ್ತು ಬಿಡಮ್ಮ, ಅದೆಲ್ಲಿ ಸಿಗುತ್ತೆ" ಅಂತಾರೆ. ಹಿಂದೆ ಆ ಮಾತು ನಿಜವೇ ಆಗಿತ್ತು. ಈಗ ಪೂರಾ ನಿಜವಲ್ಲ. ಕದ್ದ ಫೋನಿಗೆ ನಮ್ಮ ದೇಶದ ಯಾವ ಕಂಪನಿಯ ಸಿಮ್ ಹಾಕಿದರೂ ಅದು ಕೆಲಸ ಮಾಡದ ಹಾಗೆ ಬಂದ್ ಮಾಡಿಸಬಹುದು. ಇದು ಸರ್ಕಾರದ್ದೇ ಏರ್ಪಾಡು. ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಆದರೆ ನಾವು ಮೊದಲೇ ಒಂದು ಕೆಲಸ ಮಾಡಿಟ್ಟಿರಬೇಕು. ಹದಿನೈದು ಅಂಕಿಗಳನ್ನು ಒಂದು ಕಡೆ ಬರೆದಿಟ್ಟಿರಬೇಕು.

ಯಾವ ಅಂಕಿ? ಬನ್ನಿ, ತಿಳಿಯೋಣ.

ಸಿಮ್ ಬೇರೆ, ಫೋನ್ ಬೇರೆ

"ನನ್ನ ನಂಬರ್ ನನಗೆ ಬಾಯಿಪಾಠ" ಅಂತ ನೀವು ಹೇಳಬಹುದು. ಅದು ಹತ್ತು ಅಂಕಿಯ ನಂಬರು. ಅದು ಸಿಮ್ ಕಾರ್ಡಿನ ನಂಬರು, ಫೋನಿನದಲ್ಲ. ಫೋನ್ ಒಂದು ಮನೆ ಅಂದುಕೊಳ್ಳಿ. ಸಿಮ್ ಅದರೊಳಗೆ ಇರುವ ಬಾಡಿಗೆದಾರ. ಬಾಡಿಗೆದಾರ ಇವತ್ತು ಈ ಮನೆಯಲ್ಲಿ ಇರುತ್ತಾನೆ, ನಾಳೆ ಇನ್ನೊಂದು ಮನೆಗೆ ಹೋಗುತ್ತಾನೆ. ಮನೆ ಅಲ್ಲೇ ಇರುತ್ತದೆ. ಕಳ್ಳ ಮೊದಲು ಮಾಡುವ ಕೆಲಸ ಏನು? ನಮ್ಮ ಸಿಮ್ ಕಿತ್ತು ಬಿಸಾಕುತ್ತಾನೆ. ತನ್ನ ಸಿಮ್ ಹಾಕುತ್ತಾನೆ. ಆಗ ನಮ್ಮ ಹತ್ತು ಅಂಕಿಯ ನಂಬರಿಗೂ ಆ ಫೋನಿಗೂ ಸಂಬಂಧವೇ ಇಲ್ಲ.

ಆದರೆ ಮನೆಗೂ ಒಂದು ನಂಬರು ಇರುತ್ತದಲ್ಲ? ಹಾಗೆ ಪ್ರತಿ ಫೋನಿಗೂ ಒಂದು ನಂಬರು ಇದೆ. ಅದನ್ನು ಐಎಂಇಐ ನಂಬರು ಅನ್ನುತ್ತಾರೆ. ಹಸುವಿನ ಕಿವಿಗೆ ಈಗ ಹಳದಿ ಬಿಲ್ಲೆ ಹಾಕುತ್ತಾರೆ, ನೋಡಿದ್ದೀರಲ್ಲ? ಒಂದು ಹಸುವಿನ ನಂಬರು ಇನ್ನೊಂದು ಹಸುವಿಗೆ ಇರುವುದಿಲ್ಲ. ಇದೂ ಹಾಗೆಯೇ. ಕಾರ್ಖಾನೆಯಲ್ಲೇ ಫೋನಿನ ಒಳಗೆ ಈ ನಂಬರು ಹಾಕಿ ಕಳಿಸುತ್ತಾರೆ.

ಐಎಂಇಐ ನಂಬರಿನಲ್ಲಿ 15 ಅಂಕಿ ಇರುತ್ತವೆ. ಮೊದಲ 8 ಅಂಕಿ ಫೋನಿನ ಜಾತಿ ಹೇಳುತ್ತವೆ. ಅಂದರೆ ಯಾವ ಕಂಪನಿ, ಯಾವ ಮಾದರಿ ಅಂತ. ಆಮೇಲಿನ 6 ಅಂಕಿ ಆ ಒಂದು ಫೋನಿನ ಗುರುತು. ಕೊನೆಯ 1 ಅಂಕಿ ಕಾವಲಿನ ಅಂಕಿ. ಹಿಂದಿನ 14 ಅಂಕಿಗಳನ್ನು ಒಂದು ಲೆಕ್ಕಕ್ಕೆ ಹಾಕಿ ಅದನ್ನು ತೆಗೆದಿರುತ್ತಾರೆ. ನಾವು ಬರೆಯುವಾಗ ಎಲ್ಲೋ ಒಂದು ಅಂಕಿ ತಪ್ಪಿದರೆ ಲೆಕ್ಕ ಕೂಡುವುದಿಲ್ಲ. ಕಂಪ್ಯೂಟರಿಗೆ ತಪ್ಪು ಗೊತ್ತಾಗುತ್ತದೆ. ತಪ್ಪಿದೆ ಅಂತ ಗೊತ್ತಾಗುತ್ತದೆ, ಸರಿಯಾದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಆದ್ದರಿಂದ ಬರೆದ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿಯನ್ನು ಇನ್ನೊಮ್ಮೆ ಓದಬೇಕು.

ಈ ನಂಬರು ನೋಡುವುದು ಸುಲಭ. ಈಗಲೇ ಫೋನ್ ಕೈಗೆ ತೆಗೆದುಕೊಳ್ಳಿ. ಕರೆ ಮಾಡುವಾಗ ನಂಬರು ಒತ್ತುತ್ತೀರಲ್ಲ, ಅಲ್ಲಿಗೆ ಹೋಗಿ. ಮೊದಲು ನಕ್ಷತ್ರದ ಗುರುತು ಒತ್ತಿ. ಆಮೇಲೆ ಜಾಲರಿಯ ಹಾಗಿರುವ ಗುರುತು ಒತ್ತಿ. ಆಮೇಲೆ ಸೊನ್ನೆ, ಆರು. ಮತ್ತೆ ಜಾಲರಿ. ಅಂದರೆ *#06# ಅಂತ ಆಗಬೇಕು. ಕರೆಯ ಗುಂಡಿ ಒತ್ತುವ ಮೊದಲೇ ನಂಬರು ಕಾಣುತ್ತದೆ. ಎರಡು ಸಿಮ್ ಹಾಕುವ ಫೋನ್ ಆದರೆ ಎರಡು ನಂಬರು ಕಾಣುತ್ತವೆ. ಎರಡನ್ನೂ ಬರೆದುಕೊಳ್ಳಬೇಕು. ಫೋನ್ ಬಂದ ಡಬ್ಬಿಯ ಮೇಲೂ ಇದೇ ನಂಬರು ಅಂಟಿಸಿರುತ್ತಾರೆ. ಅಂಗಡಿಯ ಬಿಲ್ಲಿನಲ್ಲೂ ಬರೆದಿರುತ್ತಾರೆ. ಡಬ್ಬಿಯನ್ನು ಗುಜರಿಗೆ ಹಾಕಬೇಡಿ. ಬಿಲ್ಲನ್ನು ರೇಷನ್ ಕಾರ್ಡಿನ ಜೊತೆ ಇಡಿ.

ಒಂದು ಮಾತು. ಈ ನಂಬರನ್ನು ಫೋನಿನಲ್ಲೇ ಫೋಟೊ ತೆಗೆದು ಇಟ್ಟುಕೊಳ್ಳುವವರು ಇದ್ದಾರೆ. ಬೀಗದ ಕೈಯನ್ನು ಬೀಗ ಹಾಕಿದ ಮನೆಯೊಳಗೆ ಇಟ್ಟ ಹಾಗಾಯಿತು! ಪುಸ್ತಕದಲ್ಲಿ ಬರೆಯಿರಿ.

ಟವರಿನ ಮುಂದೆ ಫೋನ್ ಹೆಸರು ಹೇಳಬೇಕು

ಫೋನ್ ಆನ್ ಮಾಡಿದ ಕೂಡಲೇ ಅದು ಹತ್ತಿರದ ಟವರನ್ನು ಹುಡುಕುತ್ತದೆ. ಟವರಿನ ಮೂಲಕ ಕಂಪನಿಗೆ ತನ್ನ ಗುರುತು ಹೇಳುತ್ತದೆ. ಸಿಮ್ಮಿನ ಗುರುತೂ ಹೋಗುತ್ತದೆ, ಫೋನಿನ ಐಎಂಇಐ ನಂಬರೂ ಹೋಗುತ್ತದೆ. ಇದು ನಮಗೆ ಕಾಣುವುದಿಲ್ಲ. ಕಣ್ಣು ಮುಚ್ಚಿ ಬಿಡುವುದರೊಳಗೆ ಆಗಿಹೋಗುತ್ತದೆ.

ಕಂಪನಿಯ ಹತ್ತಿರ ಒಂದು ಪಟ್ಟಿ ಇರುತ್ತದೆ. ಕಳವಾದ ಫೋನುಗಳ ಪಟ್ಟಿ. ಅದಕ್ಕೆ ಕಪ್ಪುಪಟ್ಟಿ ಅನ್ನುತ್ತಾರೆ. ಬಂದ ನಂಬರು ಆ ಪಟ್ಟಿಯಲ್ಲಿ ಇದ್ದರೆ ಟವರು ಫೋನನ್ನು ಒಳಗೆ ಬಿಡುವುದಿಲ್ಲ. ಕರೆ ಹೋಗಲ್ಲ, ಬರಲ್ಲ. ಮೆಸೇಜು ಹೋಗಲ್ಲ. ಸಿಮ್ಮಿನ ಇಂಟರ್‌ನೆಟ್ ಓಡಲ್ಲ. ಸಿಮ್ ಬದಲಾಯಿಸಿದರೂ ಅಷ್ಟೇ. ಯಾಕೆಂದರೆ ಬಂದ್ ಆಗಿರುವುದು ಬಾಡಿಗೆದಾರ ಅಲ್ಲ, ಮನೆ.

ಇದು ಹೊಸ ಉಪಾಯ ಏನಲ್ಲ. ಕಂಪನಿಗಳು ಇಂಥ ಪಟ್ಟಿ ಇಟ್ಟುಕೊಳ್ಳುವುದಕ್ಕೆ ಮೊಬೈಲ್ ಬಂದ ಕಾಲದಿಂದಲೂ ಜಾಗ ಇತ್ತು. ತೊಂದರೆ ಇದ್ದದ್ದು ಬೇರೆ ಕಡೆ. ಒಂದು ಕಂಪನಿಯ ಪಟ್ಟಿ ಇನ್ನೊಂದು ಕಂಪನಿಗೆ ಗೊತ್ತಿಲ್ಲದಿದ್ದರೆ ಏನು ಪ್ರಯೋಜನ? ಈ ಕಂಪನಿ ಬಾಗಿಲು ಹಾಕಿದರೆ ಕಳ್ಳ ಆ ಕಂಪನಿಯ ಸಿಮ್ ಹಾಕಿಕೊಳ್ಳುತ್ತಾನೆ. ಊರಿಗೆಲ್ಲ ಸೇರಿ ಒಂದೇ ಪಟ್ಟಿ ಬೇಕಾಗಿತ್ತು.

ನಮ್ಮ ದೇಶದಲ್ಲಿ ಇದು ನಿಧಾನವಾಗಿ ಬಂತು. ನಿಮಗೆ ನೆನಪಿರಬಹುದು, ಒಂದು ಕಾಲದಲ್ಲಿ ದೊಡ್ಡ ಸ್ಪೀಕರಿನ ಅಗ್ಗದ ಫೋನುಗಳು ಬಂದಿದ್ದವು. ಎಷ್ಟೋ ಫೋನುಗಳಿಗೆ ಐಎಂಇಐ ನಂಬರೇ ಇರಲಿಲ್ಲ. ಇದ್ದರೂ ಸುಳ್ಳು ನಂಬರು. 2008ರಲ್ಲಿ ಮುಂಬಯಿಯ ಮೇಲೆ ಉಗ್ರರ ದಾಳಿ ಆಯಿತು. ಗುರುತಿಲ್ಲದ ಫೋನುಗಳು ಅಪಾಯ ಅಂತ ಸರ್ಕಾರಕ್ಕೆ ಚಿಂತೆ ಹತ್ತಿತು. 2009ರ ನವೆಂಬರ್ 30ರ ನಂತರ ಇಂಥ ಫೋನುಗಳಿಗೆ ಸಂಪರ್ಕ ಕೊಡಬೇಡಿ ಅಂತ ಕಂಪನಿಗಳಿಗೆ ಅಪ್ಪಣೆ ಆಯಿತು. ಆಗ ಬಡವರೇ ಹೆಚ್ಚು ಕಷ್ಟಪಟ್ಟರು. ಸುಮಾರು 200 ರೂಪಾಯಿ ಕೊಟ್ಟು ಫೋನಿಗೆ ಹೊಸ ನಂಬರು ಹಾಕಿಸಿಕೊಂಡರು. ಫೋನ್ ಕೊಂಡವರ ತಪ್ಪು ಅದರಲ್ಲಿ ಏನೂ ಇರಲಿಲ್ಲ ಅನ್ನುವುದು ನಮ್ಮ ಅನಿಸಿಕೆ.

ಆಮೇಲೆ ಎಲ್ಲ ಕಂಪನಿಗಳಿಗೂ ಸೇರಿ ಒಂದೇ ಪಟ್ಟಿ ಮಾಡುವ ಕೆಲಸ ಶುರುವಾಯಿತು. ಸರ್ಕಾರದ ಸಿ-ಡಾಟ್ ಸಂಸ್ಥೆ ಅದನ್ನು ಕಟ್ಟಿತು. ಅದರ ಹೆಸರು ಸಿಇಐಆರ್. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ, ಅದೇ ವರ್ಷದ ಕೊನೆಗೆ ದೆಹಲಿಯಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. 2023ರ ಮೇ 16ರಂದು "ಸಂಚಾರ ಸಾಥಿ" ಅನ್ನುವ ಹೆಸರಿನಲ್ಲಿ ಇಡೀ ದೇಶಕ್ಕೆ ಬಂತು. ನಮಗೆ ಹೆಮ್ಮೆಯ ಮಾತೊಂದು ಇದೆ. ದೇಶಕ್ಕೆಲ್ಲ ಬರುವ ಮೊದಲೇ ಕರ್ನಾಟಕದ ಪೊಲೀಸರು ಇದನ್ನು ಬಳಸಲು ಶುರು ಮಾಡಿದ್ದರು. ಆ ಹೊತ್ತಿಗಾಗಲೇ 2,500ಕ್ಕೂ ಹೆಚ್ಚು ಫೋನುಗಳನ್ನು ಹುಡುಕಿ ಅವರವರಿಗೆ ಕೊಟ್ಟಿದ್ದರು.

ಹೊರದೇಶಗಳಲ್ಲೂ ಇದಕ್ಕೆ ಕಾನೂನು ಇದೆ. ಇಂಗ್ಲೆಂಡಿನಲ್ಲಿ 2002ರಲ್ಲೇ ಫೋನಿನ ಐಎಂಇಐ ನಂಬರು ತಿದ್ದುವುದನ್ನು ಅಪರಾಧ ಮಾಡಿದರು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇನ್ನೊಂದು ದಾರಿ ಹಿಡಿದರು. 2015ರ ಜುಲೈ 1ರಿಂದ ತಯಾರಾಗುವ ಸ್ಮಾರ್ಟ್‌ಫೋನನ್ನು ಅಲ್ಲಿ ಮಾರಬೇಕಾದರೆ, ಕಳವಾದಾಗ ಒಡೆಯರೇ ದೂರದಿಂದ ಅದನ್ನು ಬಂದ್ ಮಾಡುವ ಹಾಗಿರಬೇಕು.

ಎಲ್ಲದರ ಹಿಂದೆ ಇರುವ ಯೋಚನೆ ಒಂದೇ. ಕಳ್ಳನಿಗೆ ಬೇಕಾದದ್ದು ಫೋನಲ್ಲ, ಅದನ್ನು ಮಾರಿದರೆ ಬರುವ ದುಡ್ಡು. ಮಾತಾಡದ ಫೋನಿಗೆ ಯಾರು ದುಡ್ಡು ಕೊಡುತ್ತಾರೆ?

ಫೋನ್ ಹೋದ ದಿನ

ಬಸ್ಸು ಇಳಿದು ಸೊಂಟ ಮುಟ್ಟಿ ನೋಡಿಕೊಂಡರೆ ಫೋನ್ ಇಲ್ಲ. ಎದೆ ಧಸಕ್ ಅನ್ನುತ್ತದೆ. ಅಳು ಬರುತ್ತದೆ. ಬರಲಿ. ಆದರೆ ತಡ ಮಾಡಬೇಡಿ.

ಮೊದಲು ಸಿಮ್ ನಿಲ್ಲಿಸಬೇಕು. ನಿಮ್ಮದೇ ಕಂಪನಿಯ ಸಿಮ್ ಇರುವ ಬೇರೆಯವರ ಫೋನಿನಿಂದ 198ಕ್ಕೆ ಕರೆ ಮಾಡಿ. ಇಲ್ಲವೇ ಕಂಪನಿಯ ಅಂಗಡಿಗೆ ಹೋಗಿ. ಸಿಮ್ ಯಾಕೆ ಮೊದಲು? ಬ್ಯಾಂಕಿನ ಓಟಿಪಿ ಬರುವುದು ಅದಕ್ಕೆ. ಆಮೇಲೆ ಬ್ಯಾಂಕಿಗೆ ಹೇಳಿ. ಫೋನಿನಲ್ಲಿ ದುಡ್ಡು ಕಳಿಸುವ ಆಪ್ ಇದ್ದರೆ ಅದನ್ನೂ ನಿಲ್ಲಿಸಲು ಹೇಳಿ. ಖಾತೆಯಿಂದ ಹಣ ಆಗಲೇ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಹಣದ ಮೋಸದ ದೂರು ತೆಗೆದುಕೊಳ್ಳುವ ಸರ್ಕಾರದ ನಂಬರು ಅದು. ಬೇಗ ಹೇಳಿದಷ್ಟೂ ಹಣ ತಡೆಯಲು ದಾರಿ ಇರುತ್ತದೆ.

ಇಲ್ಲಿ ನಾವು ಒಂದು ಸಂಗತಿ ಹೇಳಲೇಬೇಕು. ಎಷ್ಟೋ ಅಕ್ಕಂದಿರ ಸಿಮ್ ಅವರ ಹೆಸರಿನಲ್ಲಿ ಇಲ್ಲ. ಗಂಡನ ಹೆಸರಿನಲ್ಲಿ ಇದೆ, ಮಗನ ಹೆಸರಿನಲ್ಲಿ ಇದೆ. ಕೆಲಸದ ಮನೆಯವರ ಹೆಸರಿನಲ್ಲೂ ಇರುವುದುಂಟು. ಅದೇ ನಂಬರಿನ ಹೊಸ ಸಿಮ್ ಬೇಕಾದರೆ ಯಾರ ಹೆಸರಿನಲ್ಲಿ ಇದೆಯೋ ಅವರೇ ಆಧಾರ್ ಹಿಡಿದು ಹೋಗಬೇಕು. ಅವರು ಊರಲ್ಲಿ ಇಲ್ಲದಿದ್ದರೆ? ಮನಸ್ಸು ಮಾಡದಿದ್ದರೆ? ನಿಮ್ಮ ಫೋನಿನ ಸಿಮ್ ನಿಮ್ಮ ಹೆಸರಿನಲ್ಲೇ ಇರಲಿ. ಬಿಲ್ಲೂ ನಿಮ್ಮ ಹೆಸರಿನಲ್ಲೇ ಇರಲಿ.

"ಕಳೆದುಹೋಗಿದೆ"ಯೋ "ಕಳವಾಗಿದೆ"ಯೋ?

ಇನ್ನು ಪೊಲೀಸ್ ದೂರು. ದೂರು ಕೊಡದೆ ಫೋನ್ ಬಂದ್ ಮಾಡಿಸಲು ಆಗುವುದಿಲ್ಲ.

ನಮ್ಮ ಓದುವ ಗುಂಪಿನ ಅಕ್ಕ ಒಬ್ಬರ ಫೋನ್ ಬಸ್ಸಿನಲ್ಲಿ ಹೋಯಿತು. ಬ್ಯಾಗಿಗೆ ಬ್ಲೇಡು ಹಾಕಿದ್ದರು. ಅವರು ಒಂದು ಠಾಣೆಗೆ ಹೋದರು. ಅಲ್ಲಿದ್ದವರು ಅವರ ಮಾತು ಕೇಳಿ ದೂರು ಬರೆದರು. "ಸೈನ್ ಮಾಡಮ್ಮ" ಅಂದರು. ಅಕ್ಕ ಸೈನ್ ಮಾಡಲಿಲ್ಲ. "ಓದಿ ಮಾಡ್ತೀನಿ ಸಾರ್" ಅಂದರು. ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಹೊತ್ತಾಯಿತು. ಹಿಂದೆ ನಿಂತವರು ಗೊಣಗಿದರು. ನಡುವೆ ಒಂದು ಕಡೆ "ಕಳೆದುಕೊಂಡಿರುತ್ತೇನೆ" ಅಂತ ಇತ್ತು.

"ನಾನು ಕಳ್ಕೊಂಡಿಲ್ಲ ಸಾರ್. ಕದ್ದಿದ್ದಾರೆ. ಬ್ಯಾಗ್ ನೋಡಿ, ಹೆಂಗೆ ಕೊಯ್ದಿದ್ದಾರೆ."

"ಎರಡೂ ಒಂದೇ ಕಣಮ್ಮ."

"ಒಂದೇ ಆದ್ರೆ ಕದ್ದಿದ್ದಾರೆ ಅಂತಲೇ ಬರೀರಿ ಸಾರ್."

ಆಮೇಲೆ ಬೇರೆ ಹಾಳೆಯಲ್ಲಿ ಬರೆದುಕೊಟ್ಟರು. ಆ ಫೋನ್ ಇನ್ನೂ ಸಿಕ್ಕಿಲ್ಲ. ಆದರೆ ಬಂದ್ ಆಗಿದೆ.

ಎರಡೂ ಒಂದೇ ಅಲ್ಲ. ಕಳೆದುಹೋಯಿತು ಅಂದರೆ ಯಾರ ತಪ್ಪೂ ಇಲ್ಲ. ನಮ್ಮ ಕೈಯಿಂದಲೇ ಎಲ್ಲೋ ಬಿತ್ತು ಅಂತ ಅರ್ಥ. ಹುಡುಕಿ ಹಿಡಿಯಲು ಕಳ್ಳನೇ ಇಲ್ಲ. ಕಳವಾಯಿತು ಅಂದರೆ ಅಪರಾಧ. ಭಾರತೀಯ ನ್ಯಾಯ ಸಂಹಿತೆ ಅನ್ನುವ ಕಾನೂನಿನ 303ನೇ ಕಲಮಿನಲ್ಲಿ ಕಳವಿಗೆ 3 ವರ್ಷದವರೆಗೆ ಜೈಲು ಹೇಳಿದೆ. ಕೈಯಿಂದ ಕಿತ್ತುಕೊಂಡು ಓಡಿದರೆ ಅದು 304ನೇ ಕಲಮು. ಅದಕ್ಕೂ 3 ವರ್ಷದವರೆಗೆ ಜೈಲು ಮತ್ತು ದಂಡ. ಫೋನ್ ಬಂದ್ ಮಾಡಿಸುವುದಕ್ಕೆ ಎರಡರಲ್ಲಿ ಯಾವ ದೂರಾದರೂ ನಡೆಯುತ್ತದೆ. ಕಳ್ಳನನ್ನು ಹಿಡಿಯುವುದಕ್ಕೆ ಮಾತ್ರ ಕಳವು ಅಂತಲೇ ಬರೆದಿರಬೇಕು.

ನಿಜವಾಗಿ ಎಲ್ಲೋ ಬಿದ್ದುಹೋಗಿದ್ದರೆ ಸುಳ್ಳು ಹೇಳಬೇಡಿ. ಅದಕ್ಕೆ ಬೇರೆ ದಾರಿ ಇದೆ. ಕರ್ನಾಟಕ ಪೊಲೀಸರ "ಇ-ಲಾಸ್ಟ್" ಅನ್ನುವ ಸೇವೆ ಇದೆ. ಠಾಣೆಗೆ ಹೋಗದೆ ಇನ್ನೊಂದು ಫೋನಿನಿಂದಲೇ ಅದರಲ್ಲಿ ಬರೆದು ರಸೀದಿ ತೆಗೆದುಕೊಳ್ಳಬಹುದು. ಆದರೆ ಅದು ಕಳೆದುಹೋದ ಸಾಮಾನಿಗೆ ಮಾತ್ರ.

ಠಾಣೆಯಲ್ಲಿ ನಮಗೆ ಇರುವ ಹಕ್ಕುಗಳನ್ನೂ ತಿಳಿದಿರೋಣ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 173ನೇ ಕಲಮು ದೂರಿನ ವಿಚಾರ ಹೇಳುತ್ತದೆ. ನಾವು ಬಾಯಲ್ಲಿ ಹೇಳಿದರೆ ಪೊಲೀಸರು ಅದನ್ನು ಬರೆದುಕೊಳ್ಳಬೇಕು. ಬರೆದದ್ದನ್ನು ನಮಗೆ ಓದಿ ಹೇಳಬೇಕು. ಆಮೇಲೆ ನಾವು ಸೈನ್ ಮಾಡಬೇಕು. ಅದರ ಒಂದು ಪ್ರತಿಯನ್ನು ಪುಕ್ಕಟೆ ಕೊಡಬೇಕು. ಓದಿ ಹೇಳಬೇಕು ಅನ್ನುವ ಮಾತು ಹಳೆಯ ಕಾನೂನಿನಲ್ಲೂ ಇತ್ತು. ಓದು ಬಾರದವರಿಗೆ ಮೋಸ ಆಗದಿರಲಿ ಅಂತ ಇಟ್ಟದ್ದು. ಈಗ ನಾವೇ ಓದುತ್ತೇವೆ.

"ಇದು ನಮ್ಮ ಠಾಣೆಗೆ ಬರಲ್ಲ, ಅಲ್ಲಿಗೆ ಹೋಗಿ" ಅನ್ನುವುದೂ ಉಂಟು. ಹೆಬ್ಬಾಳದಲ್ಲಿ ಬಸ್ಸು ಹತ್ತಿದಿರಿ. ಬಳ್ಳಾರಿ ರಸ್ತೆಯಲ್ಲಿ ಕೊಡಿಗೇಹಳ್ಳಿ ಗೇಟ್, ಬ್ಯಾಟರಾಯನಪುರ, ಜಕ್ಕೂರು ದಾಟಿ ಅಲ್ಲಾಳಸಂದ್ರದಲ್ಲಿ ಇಳಿದಿರಿ. ಇಳಿದ ಮೇಲೆ ಫೋನ್ ಇಲ್ಲ ಅಂತ ಗೊತ್ತಾಯಿತು. ಎಲ್ಲಿ ಕದ್ದರು ಅಂತ ಯಾರಿಗೆ ಗೊತ್ತು? ಹೆಬ್ಬಾಳಕ್ಕೆ ಒಂದು ಠಾಣೆ, ಕೊಡಿಗೇಹಳ್ಳಿಗೆ ಒಂದು, ಯಲಹಂಕಕ್ಕೆ ಇನ್ನೊಂದು. ಅದೇ 173ನೇ ಕಲಮು ಇದಕ್ಕೂ ಉತ್ತರ ಹೇಳಿದೆ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅವರು ಬರೆದುಕೊಂಡು ಆಮೇಲೆ ಸರಿಯಾದ ಠಾಣೆಗೆ ಕಳಿಸುತ್ತಾರೆ. ಇದನ್ನು ಜೀರೊ ಎಫ್‌ಐಆರ್ ಅನ್ನುತ್ತಾರೆ. ಆ ಒಂದು ಪದ ಬಾಯಿಪಾಠ ಮಾಡಿಕೊಳ್ಳಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಮೇಲಿನ ಪೊಲೀಸ್ ಅಧಿಕಾರಿಗೆ ಬರೆದು ಅಂಚೆಯಲ್ಲಿ ಕಳಿಸಬಹುದು. ಅದಕ್ಕೂ ಕಾನೂನಿನಲ್ಲಿ ಜಾಗ ಇದೆ.

ಇನ್ನೊಂದು ತೊಡಕು ಇದೆ. ಕದ್ದ ಫೋನಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಕಾನೂನು ಅದನ್ನು ಸಣ್ಣ ಕಳವು ಅನ್ನುತ್ತದೆ. ಆಗ ಎಫ್‌ಐಆರ್ ಮಾಡದೆ ಬೇರೆ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಎರಡು ಸಾವಿರದ ಫೋನ್ ಕೊಳ್ಳಲು ನಾಲ್ಕು ದಿನ ದುಡಿದವಳಿಗೆ ಅದು ಸಣ್ಣದಲ್ಲ. ಆದರೂ ಕಾನೂನು ಹಾಗಿದೆ. ರಸೀದಿಯನ್ನು ಮಾತ್ರ ಬಿಡದೆ ಕೇಳಿ ತೆಗೆದುಕೊಳ್ಳಿ.

ಬಂದ್ ಮಾಡಿಸುವುದು

ದೂರಿನ ಪ್ರತಿ ಕೈಗೆ ಬಂತು. ಅದೇ ನಂಬರಿನ ಹೊಸ ಸಿಮ್ಮೂ ಬಂತು. ಇನ್ನು ಸಂಚಾರ ಸಾಥಿಯಲ್ಲಿ ಅರ್ಜಿ ಹಾಕಬೇಕು. ಅದು ಇಂಟರ್‌ನೆಟ್ಟಿನಲ್ಲಿ ಇದೆ. 2025ರ ಜನವರಿಯಿಂದ ಅದರ ಆಪ್ ಕೂಡ ಇದೆ. ಮನೆಯಲ್ಲಿ ಓದಿದ ಹುಡುಗರು ಇದ್ದರೆ ಅವರ ಜೊತೆ ಕೂತು ಮಾಡಿ. ಠಾಣೆಯಲ್ಲೂ ಕೇಳಿ ನೋಡಿ. ಪೊಲೀಸರ ಹತ್ತಿರವೂ ಈ ಏರ್ಪಾಡು ಇದೆ.

ಅರ್ಜಿಯಲ್ಲಿ ಕೇಳುವುದು ಇಷ್ಟು: ನಿಮ್ಮ ಮೊಬೈಲ್ ನಂಬರು, 15 ಅಂಕಿಯ ಐಎಂಇಐ ನಂಬರು, ಫೋನಿನ ಕಂಪನಿ ಮತ್ತು ಮಾದರಿ, ಎಲ್ಲಿ ಯಾವತ್ತು ಹೋಯಿತು, ಯಾವ ಠಾಣೆ, ದೂರಿನ ನಂಬರು. ದೂರಿನ ಪ್ರತಿಯ ಫೋಟೊ, ಆಧಾರಿನಂಥ ಗುರುತಿನ ಚೀಟಿಯ ಫೋಟೊ ಹಾಕಬೇಕು. ಬಿಲ್ಲು ಇದ್ದರೆ ಅದೂ ಇರಲಿ.

ಆಮೇಲೆ ನಿಮ್ಮ ಹೊಸ ಸಿಮ್ಮಿಗೆ ಓಟಿಪಿ ಬರುತ್ತದೆ. ಇಲ್ಲಿ ಎಷ್ಟೋ ಜನ ಗಾಬರಿಯಾಗುತ್ತಾರೆ. ಓಟಿಪಿ ಬರುವುದೇ ಇಲ್ಲ! ಮೋಸಗಾರರು ಬೇರೆಯವರ ಸಿಮ್ ತೆಗೆದುಕೊಂಡು ಹಣ ಹೊಡೆಯಬಾರದು ಅಂತ, ಹೊಸದಾಗಿ ಕೊಟ್ಟ ಸಿಮ್ಮಿಗೆ ಮೊದಲ 24 ಗಂಟೆ ಮೆಸೇಜು ಬಿಡುವುದಿಲ್ಲ. ಒಂದು ದಿನ ಕಾದು ಅರ್ಜಿ ಹಾಕಿ. ಓಟಿಪಿಯನ್ನು ಅರ್ಜಿಯಲ್ಲಿ ಬರೆಯಬೇಕೇ ಹೊರತು ಯಾರಾದರೂ ಫೋನ್ ಮಾಡಿ ಕೇಳಿದರೆ ಹೇಳಬಾರದು. "ನಿಮ್ಮ ಕದ್ದ ಫೋನ್ ಸಿಕ್ಕಿದೆ, ಓಟಿಪಿ ಹೇಳಿ" ಅಂದರೂ ಹೇಳಬಾರದು.

ಅರ್ಜಿ ಮುಗಿದ ಮೇಲೆ ಒಂದು ಅರ್ಜಿ ನಂಬರು ಕೊಡುತ್ತಾರೆ. ಅದನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. 24 ಗಂಟೆಯೊಳಗೆ ಎಲ್ಲ ಕಂಪನಿಗಳಲ್ಲೂ ಆ ಫೋನ್ ಬಂದ್ ಆಗುತ್ತದೆ.

"ಬಂದ್ ಮಾಡಿದರೆ ಪೊಲೀಸರಿಗೆ ಹುಡುಕಲು ಆಗಲ್ವಲ್ಲ?" ಅಂತ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಬಂದ್ ಆದ ಫೋನಿಗೆ ಯಾರಾದರೂ ಸಿಮ್ ಹಾಕಿದರೆ ಅದು ಟವರಿನ ಬಾಗಿಲು ತಟ್ಟುತ್ತದೆ. ಬಾಗಿಲು ತೆರೆಯುವುದಿಲ್ಲ. ಆದರೆ ತಟ್ಟಿದವರು ಯಾರು ಅಂತ ಬರೆದುಕೊಳ್ಳುತ್ತದೆ. ಆ ಸುದ್ದಿ ಪೊಲೀಸರಿಗೆ ಹೋಗುತ್ತದೆ. ಹೀಗೆ ಬಂದ ಸುದ್ದಿ ಹಿಡಿದೇ ಅವರು ಫೋನುಗಳನ್ನು ತರಿಸುತ್ತಾರೆ.

ಇದರಿಂದ ಎಲ್ಲವೂ ಆಗುತ್ತದೆ ಅಂತ ನಾವು ಹೇಳುವುದಿಲ್ಲ. ಬಂದ್ ಆದ ಫೋನ್ ವೈಫೈ ಇರುವ ಕಡೆ ವಿಡಿಯೊ ತೋರಿಸಬಹುದು. ಕಳ್ಳರು ಅದನ್ನು ಬಿಚ್ಚಿ ಗಾಜು, ಬ್ಯಾಟರಿ ಬೇರೆ ಬೇರೆ ಮಾರಬಹುದು. ದೇಶದ ಗಡಿ ದಾಟಿಸಿದರೆ ನಮ್ಮ ಪಟ್ಟಿ ಅಲ್ಲಿ ನಡೆಯುವುದಿಲ್ಲ. ಐಎಂಇಐ ನಂಬರನ್ನೇ ತಿದ್ದುವ ಕಳ್ಳರೂ ಇದ್ದಾರೆ. ಅದಕ್ಕೆ ಈಗ ಕಾನೂನು ಬಹಳ ಗಟ್ಟಿಯಾಗಿದೆ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ನಂಬರು ತಿದ್ದಿದವರಿಗೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಂಬರು ತಿದ್ದಿದ ಫೋನನ್ನು ಬಂದ್ ಮಾಡಿ ಅಂತ ಸರ್ಕಾರ ಹೇಳಿದರೆ ಕಂಪನಿಗಳು ಕೇಳಲೇಬೇಕು ಅಂತ 2024ರ ನವೆಂಬರಿನಲ್ಲಿ ನಿಯಮ ಬಂತು. ಒಳಗಿನ ಫೋಟೊಗಳನ್ನು ಮಾತ್ರ ಈ ಏರ್ಪಾಡು ಕಾಯುವುದಿಲ್ಲ. ಅಮ್ಮನ ಫೋಟೊವನ್ನು ಯಲಹಂಕದ ಯಾವುದಾದರೂ ಸ್ಟುಡಿಯೋದಲ್ಲಿ ಒಂದು ಕಾಗದಕ್ಕೆ ಹಾಕಿಸಿ ಇಟ್ಟುಕೊಳ್ಳಿ.

ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳುವ ಮೊದಲು

ಈಗ ತಕ್ಕಡಿಯ ಇನ್ನೊಂದು ತಟ್ಟೆ ನೋಡೋಣ. ನಮ್ಮಲ್ಲಿ ಹೊಸ ಫೋನ್ ಕೊಳ್ಳುವವರು ಎಷ್ಟು ಜನ? ಹೆಚ್ಚಿನವರು ಕೊಳ್ಳುವುದು ಸೆಕೆಂಡ್ ಹ್ಯಾಂಡ್. ಹತ್ತು ಸಾವಿರದ ಫೋನನ್ನು ಯಾರೋ ಎರಡು ಸಾವಿರಕ್ಕೆ ಕೊಡುತ್ತಾರೆ. ಬಿಲ್ಲಿಲ್ಲ, ಡಬ್ಬಿ ಇಲ್ಲ. "ನಮ್ಮ ಹುಡುಗಂದೇ ಅಕ್ಕ, ದುಡ್ಡು ಅರ್ಜೆಂಟು" ಅಂತಾರೆ. ಎರಡು ವಾರ ಬಿಟ್ಟು ಫೋನ್ ಬಂದ್ ಆಗುತ್ತದೆ. ಆಮೇಲೆ ಠಾಣೆಯಿಂದ ಕರೆ ಬರುತ್ತದೆ. ಕೊಟ್ಟವನು ಎಲ್ಲೋ, ಉತ್ತರ ಹೇಳಬೇಕಾದವರು ನಾವು. ಕದ್ದ ಮಾಲು ಅಂತ ಗೊತ್ತಿದ್ದು ಕೊಂಡರೆ ಅದೂ ಅಪರಾಧವೇ. ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಅದಕ್ಕೂ 3 ವರ್ಷದವರೆಗೆ ಜೈಲು ಇದೆ. ಗೊತ್ತಿಲ್ಲದೆ, ಕದ್ದದ್ದು ಅಂತ ನಂಬಲು ಕಾರಣವೂ ಇಲ್ಲದೆ ಕೊಂಡವರಿಗೆ ಆ ಶಿಕ್ಷೆ ಇಲ್ಲ. ಆದರೆ ಫೋನೂ ಇಲ್ಲ, ದುಡ್ಡೂ ಇಲ್ಲ.

ದುಡ್ಡು ಕೊಡುವ ಮೊದಲು ಎರಡು ನಿಮಿಷ ಬಿಡುವು ಮಾಡಿಕೊಳ್ಳಿ. ಆ ಫೋನಿನಲ್ಲಿ *#06# ಒತ್ತಿ ನಂಬರು ತೆಗೆಯಿರಿ. ನಿಮ್ಮ ಫೋನಿನಲ್ಲಿ ಒಂದು ಮೆಸೇಜು ಬರೆಯಿರಿ. ಇಂಗ್ಲಿಷಿನ ಕೆ, ವೈ, ಎಂ ಅನ್ನುವ ಮೂರು ಅಕ್ಷರ ಬರೆಯಿರಿ. ಒಂದು ಜಾಗ ಬಿಡಿ. ಆಮೇಲೆ ಆ 15 ಅಂಕಿ ಬರೆಯಿರಿ. 14422ಕ್ಕೆ ಕಳಿಸಿ. ಆ ನಂಬರು ಯಾವ ಫೋನಿನದು, ಸರಿ ಇದೆಯೋ ಇಲ್ಲವೋ ಅಂತ ಉತ್ತರ ಬರುತ್ತದೆ. ಕೈಯಲ್ಲಿರುವುದು ಒಂದು ಕಂಪನಿಯ ಫೋನ್, ಉತ್ತರದಲ್ಲಿ ಇರುವುದು ಇನ್ನೊಂದು ಕಂಪನಿಯ ಹೆಸರು. ಹಾಗಾದರೆ ನಂಬರು ತಿದ್ದಿದ್ದಾರೆ ಅಂತಲೇ ಲೆಕ್ಕ. ಬಿಟ್ಟು ಎದ್ದು ಬನ್ನಿ.

ಹಳೆಯ ಫೋನುಗಳ ವ್ಯಾಪಾರ ಮಾಡುವವರಿಗೂ 2025ರ ಅಕ್ಟೋಬರಿನಲ್ಲಿ ನಿಯಮ ಮಾಡಿದ್ದಾರೆ. ಸರ್ಕಾರದ ಪಟ್ಟಿಯಲ್ಲಿ ಐಎಂಇಐ ನಂಬರು ನೋಡದೆ ಅವರು ಫೋನ್ ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಅಂಗಡಿಯವರನ್ನು ಕೇಳಿ: "ನಂಬರ್ ಚೆಕ್ ಮಾಡಿದ್ದೀರಾ ಅಣ್ಣ? ಬಿಲ್ಲಿನಲ್ಲಿ ಆ ನಂಬರು ಬರೆದುಕೊಡಿ." ಬರೆದುಕೊಡಲು ಹಿಂದೆ ಮುಂದೆ ನೋಡುವ ಅಂಗಡಿಯಲ್ಲಿ ನಮಗೇನು ಕೆಲಸ?

ಫೋನ್ ಸಿಕ್ಕರೆ

ಪೊಲೀಸರು ಕರೆದು ಫೋನ್ ಕೊಡುವಾಗ ಅದೇ ಫೋನು ಹೌದೋ ಅಂತ ನೋಡಬೇಕು. ಮತ್ತೆ *#06# ಒತ್ತಿ, ಪುಸ್ತಕದಲ್ಲಿ ಬರೆದ ನಂಬರಿನ ಜೊತೆ ಹೋಲಿಸಿ. ಕಳವಿನ ಕೇಸು ನಡೆಯುತ್ತಿದ್ದರೆ ಕೋರ್ಟಿನ ಅಪ್ಪಣೆ ಬೇಕಾಗಬಹುದು. ಅದಕ್ಕೆ ಸ್ವಲ್ಪ ದಿನ ಹಿಡಿಯುತ್ತದೆ.

ಕೈಗೆ ಬಂದ ಮೇಲೂ ಫೋನ್ ಬಂದ್ ಆಗಿಯೇ ಇರುತ್ತದೆ. ಕೆಟ್ಟುಹೋಗಿದೆ ಅಂತ ರಿಪೇರಿಗೆ ಕೊಡಬೇಡಿ. ಸಂಚಾರ ಸಾಥಿಯಲ್ಲೇ ಬಂದ್ ತೆಗೆಸುವ ಅರ್ಜಿ ಇದೆ. ಅಲ್ಲಿ ಮೊದಲು ಕೊಟ್ಟಿದ್ದ ಅರ್ಜಿ ನಂಬರು ಕೇಳುತ್ತಾರೆ. ಅದನ್ನು ಹಾಕಿದರೆ ಫೋನ್ ಮತ್ತೆ ಮಾತಾಡುತ್ತದೆ.

ಈಗ ಪೆನ್ ತೆಗೆದುಕೊಳ್ಳಿ. ಒಂದು ಮನೆಗೆ ಒಂದೇ ಅಂಕಿ ಬರೆಯಿರಿ.

ನನ್ನ ಹೆಸರು: ..............................

ಒಂದನೇ ಐಎಂಇಐ ನಂಬರು:
▢ ▢ ▢ ▢ ▢ ▢ ▢ ▢ ▢ ▢ ▢ ▢ ▢ ▢ ▢

ಎರಡನೇ ಐಎಂಇಐ ನಂಬರು:
▢ ▢ ▢ ▢ ▢ ▢ ▢ ▢ ▢ ▢ ▢ ▢ ▢ ▢ ▢

ಫೋನಿನ ಕಂಪನಿ ಮತ್ತು ಮಾದರಿ: ..............................

ಕೊಂಡ ಅಂಗಡಿ ಮತ್ತು ತಾರೀಖು: ..............................

ಸಿಮ್ ಯಾರ ಹೆಸರಿನಲ್ಲಿದೆ: ..............................